ಕರವೀರದ ಶ್ರೀ ಶಾಹು ಛತ್ರಪತಿಗಳು

ರಾಜ್ಯವನ್ನಾಳಿದ ಅರಸರು ಅನೇಕರು. ಕೋಟೆಕೊತ್ತಲಗಳನ್ನು ಕಟ್ಟಿಸಿ ಹೆಸರಾದವರುಂಟು. ದೇವಾಲಯಗಳಿಗೆ ದತ್ತಿಗಳನ್ನು ಬಿಟ್ಟು ಪುಣ್ಯವಂತರೆನಿಸಿಕೊಂಡವರುಂಟು. ಗಾಯಕರಿಗೂ ಮಲ್ಲರಿಗೂ ಆಶ್ರಯವಿತ್ತು ರಸಿಕರೆಂದು ಹೊಗಳಿಸಿಕೊಂಡವರೂ ಉಂಟು. ಆದರೆ ರಯತನು ಬೆವರು ಸುರಿಸಿ ತೆತ್ತ ಕರದ ಹಣದಲ್ಲಿ ಆ ರಯತನ ಮಗುವಿನ ಅಕ್ಷರಾಭ್ಯಾಸಕ್ಕೆ ಮೊದಲ ಪಾಲು ಸಲ್ಲತಕ್ಕದ್ದೆಂದು ಬಗೆದು, ಹಾಗೆ ಬಗೆದುದನ್ನು ತಮ್ಮ ಕಾಲದಲ್ಲಿಯೇ ಆಚರಣೆಗೆ ತಂದ ಅರಸರು ಅತಿ ವಿರಳ. ಕೊಲ್ಲಾಪುರವೆಂಬ ಹೆಸರಿನಿಂದ ಪ್ರಸಿದ್ಧವಾದ ಕರವೀರ ಸಂಸ್ಥಾನದ ಶ್ರೀ ಶಾಹು ಛತ್ರಪತಿ ಮಹಾರಾಜರು ಅಂಥ ವಿರಳರ ಪಂಕ್ತಿಗೆ ಸೇರಿದವರು. ಅವರ ಜೀವಿತವು ನಾಲ್ವತ್ತೇಳು ವರ್ಷಗಳದು. ಆಳಿಕೆಯು ಇಪ್ಪತ್ತೆಂಟು ವರ್ಷಗಳದು. ಇಷ್ಟು ಕಿರಿದಾದ ಅವಧಿಯಲ್ಲಿ ಅವರು ಮಾಡಿದ ಕಾರ್ಯವು ವಿದ್ಯೆ ಯಾರ ಸೊತ್ತೆಂಬ ಪ್ರಶ್ನೆಗೆ ಒಂದು ಉತ್ತರವನ್ನು ಬರೆದಿಟ್ಟಿತು.

ಜನನ ಮತ್ತು ಬಾಲ್ಯ

ಮಹಾರಾಜರ ಮೊದಲಿನ ಹೆಸರು ಯಶವಂತರಾವ. ಕಾಗಲದ ಘಾಟಗೆ ಮನೆತನದ ಜಯಸಿಂಗರಾಯರಿಗೂ ರಾಧಾಬಾಯಿಯವರಿಗೂ ಸನ್ 1874ನೆಯ ಇಸವಿ ಜೂನ್ 26ರಂದು ಇವರು ಜನಿಸಿದರು. ತಾಯಿಯವರು ಮುಧೋಳದ ರಾಜಮನೆತನದ ಮಗಳಾಗಿದ್ದುದರಿಂದ, ಕನ್ನಡ ನಾಡಿನೊಡನೆ ಇವರ ಸಂಬಂಧವು ತಾಯ ಮಡಿಲಿನಿಂದಲೇ ಮೊದಲಾಯಿತೆಂದು ಹೇಳಬೇಕು. ಆದರೆ ಆ ತಾಯಿಯ ಲಾಲನೆಯು ಬಹುಕಾಲ ದೊರೆಯಲಿಲ್ಲ. ಮಗುವು ಎಳೆಯದಾಗಿದ್ದಾಗಲೇ ರಾಧಾಬಾಯಿಯವರು ಕಾಲಾಧೀನರಾದರು.

ಅತ್ತ ಕೊಲ್ಲಾಪುರದಲ್ಲಿ ನಾಲ್ಕನೆಯ ಶಿವಾಜಿ ಮಹಾರಾಜರು ಸಂತಾನವಿಲ್ಲದೆ ತೀರಿಕೊಂಡಿದ್ದರು. ಅವರ ಪತ್ನಿಯಾದ ಆನಂದೀಬಾಯಿ ರಾಣಿಯವರು 1884ನೆಯ ಮಾರ್ಚ್ 17ರಂದು ಯಶವಂತರಾವನನ್ನು ದತ್ತಕ ತೆಗೆದುಕೊಂಡು ಶಾಹು ಎಂಬ ಹೆಸರಿಟ್ಟರು. ಎರಡು ವರ್ಷಗಳಲ್ಲಿ ಜನ್ಮದಾತರಾದ ತಂದೆಯವರೂ ಗತಿಸಿದರು. ಹೀಗೆ ಹನ್ನೆರಡನೆಯ ವಯಸ್ಸಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಬಾಲಕನ ಹೆಗಲಿಗೆ ಸುಮಾರು ಒಂಬತ್ತು ಲಕ್ಷ ಪ್ರಜೆಗಳ ರಾಜ್ಯದ ಹೊಣೆಯು ಕಾದುಕೊಂಡಿತ್ತು.

ವಿದ್ಯಾಭ್ಯಾಸ

1885ರಿಂದ ನಾಲ್ಕು ವರ್ಷ ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಕಲಿತ ತರುವಾಯ ಮಹಾರಾಜರು ಧಾರವಾಡಕ್ಕೆ ಬಂದರು. ಅಲ್ಲಿ ಸ್ಟೂಅರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಗಳು ಇವರ ಗುರುಗಳಾದರು. ಇದೇ ಫ್ರೇಜರರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರಿಗೂ ಗುರುಗಳಾದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಧಾರವಾಡದಲ್ಲಿ ಭಾವನಗರದ ಭಾವಸಿಂಹಜಿಯವರು ಇವರ ಸಹಪಾಠಿಗಳಾಗಿದ್ದರು. ಆಂಗ್ಲ ಭಾಷೆ, ಇತಿಹಾಸ, ರಾಜ್ಯಾಡಳಿತದ ಕ್ರಮ ಇವುಗಳನ್ನು ಮಹಾರಾಜರು ಈ ಊರಿನಲ್ಲಿ ಅಭ್ಯಾಸ ಮಾಡಿದರು. 1891ರಲ್ಲಿ ಬಡೋದೆಯ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. 1894ನೆಯ ಏಪ್ರಿಲ್ 2ರಂದು ರಾಜ್ಯಾಧಿಕಾರವು ಇವರ ಕೈಗೆ ಬಂದಿತು. ಆಗ ಇವರಿಗೆ ಇನ್ನೂ ಇಪ್ಪತ್ತು ವರ್ಷಗಳು ತುಂಬಿರಲಿಲ್ಲ.

ರಾಜ್ಯದ ಅಂದಿನ ಸ್ಥಿತಿ

ಸಿಂಹಾಸನವನ್ನೇರಿದ ಮಹಾರಾಜರು ತಮ್ಮ ಕಚೇರಿಗಳ ಕಡೆಗೆ ಕಣ್ಣು ಹೊರಳಿಸಿದಾಗ ಒಂದು ವಿಷಯವು ಎದ್ದುಕಂಡಿತು. ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಹುದ್ದೆಗಳು ಬ್ರಾಹ್ಮಣರ ಕೈಯಲ್ಲಿದ್ದವು. ಕಾರಕೂನರ 500 ಜಾಗಗಳಲ್ಲಿ ಇತರರು ಹತ್ತು ಜನರು ಮಾತ್ರ ಇದ್ದರು. ಮರಾಠರು, ಲಿಂಗಾಯತರು, ಜೈನರು, ಮುಸಲ್ಮಾನರು, ಕುರುಬರು, ಅಸ್ಪೃಶ್ಯರೆನಿಸಿಕೊಂಡ ಮಹಾರ-ಮಾಂಗರು—ಇವರೆಲ್ಲರೂ ಸೇರಿ ರಾಜ್ಯದ ಬಹುಭಾಗವಾಗಿದ್ದರು. ಹೊಲವನ್ನು ಉತ್ತು ಕಂದಾಯವನ್ನು ತೆರುತ್ತಿದ್ದವರೂ ಅವರೇ. ಆದರೆ ಆ ಕಂದಾಯದ ಲೆಕ್ಕವನ್ನು ಬರೆಯುವ ಲೇಖನಿಯು ಅವರ ಕೈಯಲ್ಲಿರಲಿಲ್ಲ.

ಇದರ ಕಾರಣವು ಗೂಢವಾದುದಲ್ಲ. ಹುದ್ದೆಗೆ ವಿದ್ಯೆ ಬೇಕು. ಹೆಚ್ಚಿನ ವಿದ್ಯೆಗೆ ಪಟ್ಟಣದ ಶಾಲೆ ಬೇಕು. ಪಟ್ಟಣದಲ್ಲಿ ನಿಲ್ಲುವುದಕ್ಕೆ ಅನ್ನವೂ ಆಶ್ರಯವೂ ಬೇಕು. ಪಟ್ಟಣದಲ್ಲಿ ನೆಂಟರ ಮನೆಯಿದ್ದವನ ಮಗನು ಕಲಿತನು; ಇಲ್ಲದವನ ಮಗನು ದನಗಳ ಬೆನ್ನುಹತ್ತಿದನು. ಸರಕಾರದ ಹಣವು ಕಾಲೇಜಿಗೂ ದೊಡ್ಡ ಶಾಲೆಗಳಿಗೂ ವೆಚ್ಚವಾಗುತ್ತಿತ್ತು. ಅದರ ಫಲವು ಅಲ್ಲಿಯವರೆಗೆ ಬರಬಲ್ಲವರಿಗೆ ಮಾತ್ರ ದೊರೆಯುತ್ತಿತ್ತು. ಈ ಅನ್ಯಾಯವನ್ನು ಪುಣೆಯ ಜ್ಯೋತಿರಾವ ಫುಲೆಯವರು 1882ರಲ್ಲಿ ಹಂಟರ್ ಕಮಿಶನ್ನಿನ ಮುಂದೆ ಸ್ಪಷ್ಟವಾಗಿ ನಿವೇದಿಸಿದ್ದರು. ಸರಕಾರದ ಉತ್ಪನ್ನದ ಬಹುಪಾಲು ದುಡಿಯುವ ರಯತರಿಂದ ಬರುತ್ತಿರಲು, ಅದು ಮೇಲಿನ ವರ್ಗದವರ ಉಚ್ಚ ಶಿಕ್ಷಣಕ್ಕೆ ಹೆಚ್ಚಾಗಿ ವ್ಯಯವಾಗುವುದು ನ್ಯಾಯವಲ್ಲವೆಂದೂ ಹಳ್ಳಿಯ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದೂ ಅವರ ವಾದವಾಗಿತ್ತು. ಆಗ ಶಾಹು ಮಹಾರಾಜರು ಎಂಟು ವರ್ಷದ ಬಾಲಕರು. ಆ ವಾದವನ್ನು ಬೊಕ್ಕಸದ ಲೆಕ್ಕದಲ್ಲಿ ಮಾಡಿ ತೋರಿಸುವ ಯೋಗವು ಮುಂದೆ ಅವರಿಗೇ ಬಂದೊದಗಿತು.

1899ರ ಸುಮಾರಿಗೆ ಹುಟ್ಟಿಕೊಂಡ ವೇದೋಕ್ತ ವಿವಾದವೂ ಮಹಾರಾಜರ ಮನಸ್ಸನ್ನು ಆಳವಾಗಿ ನೋಯಿಸಿತು. ಅರಮನೆಯ ಪುರೋಹಿತರು ಅರಸರ ಧಾರ್ಮಿಕ ಕಾರ್ಯಗಳನ್ನು ವೇದಮಂತ್ರಗಳಿಂದ ನಡೆಸಲು ಒಪ್ಪದೆ, ಪುರಾಣೋಕ್ತವಾಗಿಯೇ ನಡೆಸತಕ್ಕದ್ದೆಂದು ಹಟ ಹಿಡಿದರು. ಸಿಂಹಾಸನದ ಮೇಲೆ ಕುಳಿತವನಿಗೇ ಇಂಥ ಅವಮಾನವಾಗುವಾಗ ಗುಡಿಸಲಿನಲ್ಲಿ ಹುಟ್ಟಿದವನ ಪಾಡೇನೆಂಬ ವಿಚಾರವು ಅವರಲ್ಲಿ ಬೇರೂರಿತು.

ವಿದ್ಯಾರ್ಥಿ ನಿಲಯಗಳು

ಮಹಾರಾಜರು ಮೊದಲಿಗೆ 1896ರಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದೇ ವಸತಿಗೃಹವನ್ನು ತೆರೆಯಿಸಿದರು. ಬಾಗಿಲು ಎಲ್ಲರಿಗೂ ತೆರೆದಿತ್ತು, ಹಣವು ಸರಕಾರದ್ದಾಗಿತ್ತು. ಆದರೂ ಕೆಲವೇ ವರ್ಷಗಳಲ್ಲಿ ಅಲ್ಲಿ ಮುಂದುವರಿದ ಒಂದೇ ವರ್ಗದವರು ಉಳಿದು, ಹಳ್ಳಿಯ ಹುಡುಗರು ಕಾಣದಂತಾದರು. ಯಾರಿಗಾಗಿ ವೆಚ್ಚ ಮಾಡಿದರೋ ಅವರಿಗೆ ಅದು ಮುಟ್ಟಲಿಲ್ಲ. ಹಿಂದುಳಿದವನು ಬಂದು ಸೇರುವಂತೆ ದಾರಿಯನ್ನು ಸವೆಸದೆ ಬರಿಯ ಬಾಗಿಲು ತೆರೆದಿಟ್ಟರೆ ಸಾಲದೆಂಬ ಪಾಠವನ್ನು ಮಹಾರಾಜರು ಈ ಅನುಭವದಿಂದ ಕಲಿತರು.

ಆದುದರಿಂದ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಸ್ಥಾಪಿತವಾಯಿತು. ಅದೇ ವರ್ಷ ದಿಗಂಬರ ಜೈನರ ಬೋರ್ಡಿಂಗೂ, 1906ರಲ್ಲಿ ಮುಸಲ್ಮಾನರದೂ, 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿ ನಿಲಯವೂ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗೂ ಉದಯಿಸಿದವು. ಸಿಂಪಿಗರು, ಸಾರಸ್ವತ ಬ್ರಾಹ್ಮಣರು ಮೊದಲಾದವರ ನಿಲಯಗಳಿಗೂ ಆಶ್ರಯವು ದೊರೆಯಿತು. ಸಂಸ್ಥಾನವು ಜಾಗವನ್ನೂ ಧನಸಹಾಯವನ್ನೂ ಕೊಡುವುದು, ಆಯಾ ಸಮಾಜದ ಹಿರಿಯರು ಕೂಡಿ ವ್ಯವಸ್ಥೆಯನ್ನು ನೋಡಿಕೊಳ್ಳುವುದು—ಇದು ಇವುಗಳ ಕ್ರಮವಾಗಿತ್ತು. ಇದರಿಂದ ಸರಕಾರದ ಒಂದು ರೂಪಾಯಿಗೆ ಸಮಾಜದ ದುಡಿಮೆಯೂ ದಾನವೂ ಕೂಡಿಕೊಂಡು ಬಲವು ಹೆಚ್ಚಿತು.

ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದ ಮಠಗಳಲ್ಲಿ ಬೆಳೆದುಬಂದ ಉಚಿತ ಪ್ರಸಾದನಿಲಯಗಳನ್ನು ಕಂಡವರಿಗೆ ಈ ಕ್ರಮದ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಸಿದ ಹೊಟ್ಟೆಗೆ ಎರಡು ಹೊತ್ತಿನ ಪ್ರಸಾದವೂ ರಾತ್ರಿ ಓದಲು ಒಂದು ದೀಪವೂ ದೊರೆತುದರಿಂದ ಎಷ್ಟು ಮನೆತನಗಳ ಹಣೆಬರಹವು ತಿದ್ದಿತೆಂಬುದನ್ನು ಮಠಗಳ ಭಕ್ತರು ಬಲ್ಲರು. ಮಠವು ಭಕ್ತರ ಕಾಣಿಕೆಯಿಂದ ನಡೆಯಿಸಿದುದನ್ನು ಕರವೀರದ ಅರಸರು ರಾಜ್ಯದ ಬೊಕ್ಕಸದಿಂದ ನಡೆಯಿಸಿದರು.

ಜಾತಿಗೊಂದು ನಿಲಯವಾದರೆ ಜಾತಿಭೇದವೇ ಬಲವಾಗುವುದೆಂಬ ಆಕ್ಷೇಪವು ಹುಟ್ಟದೆ ಇರಲಿಲ್ಲ. ಆ ಆಕ್ಷೇಪದಲ್ಲಿ ಸತ್ಯಾಂಶವೂ ಇಲ್ಲದಿರಲಿಲ್ಲ. ಆದರೆ ನಿಲಯಗಳು ಬೇರೆಯಾದರೂ ವಿದ್ಯಾರ್ಥಿಗಳು ಕಲಿಯುವ ದೊಡ್ಡ ಶಾಲೆಯೂ ಕಾಲೇಜೂ ಒಂದೇ ಆಗಿದ್ದವು. ಮಹಾರಾಜರಿಗೆ ಈ ನಿಲಯಗಳು ಹಿಂದುಳಿದವರು ಸಾಮಾನ್ಯ ಶಾಲೆಯವರೆಗೆ ಬಂದು ಮುಟ್ಟುವ ಮೆಟ್ಟಿಲುಗಳಾಗಿದ್ದವು. ಅವರ ಮುಂದಿನ ಕೃತಿಗಳೇ ಇದಕ್ಕೆ ಸಾಕ್ಷಿ.

ಮೀಸಲಾತಿಯ ಆಜ್ಞೆ

1902ರಲ್ಲಿ ಏಳನೆಯ ಎಡ್ವರ್ಡ್ ಚಕ್ರವರ್ತಿಗಳ ಪಟ್ಟಾಭಿಷೇಕಕ್ಕೆಂದು ಮಹಾರಾಜರು ಇಂಗ್ಲೆಂಡಿಗೆ ತೆರಳಿದ್ದರು. ಅದೇ ವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಪದವಿಯನ್ನಿತ್ತಿತು. ಅದೇ ಜುಲೈ 26ರಂದು ಕರವೀರ ಸಂಸ್ಥಾನದ ಗ್ಯಾಝೆಟ್ಟಿನಲ್ಲಿ ಒಂದು ಆಜ್ಞೆಯು ಪ್ರಕಟವಾಯಿತು. ಅಂದಿನಿಂದ ತೆರವಾಗುವ ಸರಕಾರಿ ಜಾಗಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ವರ್ಗದವರಿಗೆ ಕೊಡತಕ್ಕದ್ದೆಂಬುದು ಅದರ ಸಾರಾಂಶ.

ಈ ಆಜ್ಞೆಯನ್ನು ವಿದ್ಯಾರ್ಥಿ ನಿಲಯಗಳೊಡನೆ ಕೂಡಿಸಿ ನೋಡಿದರೆ ಮಹಾರಾಜರ ದೂರದೃಷ್ಟಿಯು ತಿಳಿಯುವುದು. ಕಲಿತರೂ ಕೆಲಸ ಸಿಕ್ಕದೆಂದಾದರೆ ಬಡ ತಂದೆಯು ಮಗನನ್ನು ಹೊಲದಿಂದ ಬಿಡಿಸಿ ಶಾಲೆಗೆ ಏಕೆ ಕಳಿಸಿಯಾನು? ಜಾಗವಿದ್ದರೂ ಕಲಿತವರಿಲ್ಲದಿದ್ದರೆ ಆಜ್ಞೆಯು ಕಾಗದದಲ್ಲಿಯೇ ಉಳಿದೀತು. ನಿಲಯವು ವಿದ್ಯಾವಂತರನ್ನು ಸಿದ್ಧಪಡಿಸಿತು. ಆಜ್ಞೆಯು ಅವರಿಗೆ ಸ್ಥಾನವನ್ನು ಕಾದಿರಿಸಿತು. ಹತ್ತು ವರ್ಷಗಳಲ್ಲಿ ಫಲವು ಕಾಣಿಸಿಕೊಂಡಿತು. 1912ರ ವೇಳೆಗೆ ಆಡಳಿತದ 95 ಹುದ್ದೆಗಳಲ್ಲಿ ಬ್ರಾಹ್ಮಣರು 35 ಜನರಿದ್ದು, ಉಳಿದವುಗಳಲ್ಲಿ ಇತರ ವರ್ಗದವರು ಸೇರಿಕೊಂಡಿದ್ದರು. ಅವಕಾಶ ದೊರೆಯದೆ ಹಿಂದೆ ಬಿದ್ದವರನ್ನು ಬುದ್ಧಿಯಿಲ್ಲದೆ ಹಿಂದೆ ಬಿದ್ದವರೆಂದು ತಿಳಿಯುತ್ತಿದ್ದ ಲೋಕಕ್ಕೆ ಇದು ತಕ್ಕ ಉತ್ತರವಾಯಿತು.

ಕಡ್ಡಾಯ ಪ್ರಾಥಮಿಕ ಶಿಕ್ಷಣ

ಮಹಾರಾಜರ ಕಾರ್ಯಗಳಲ್ಲಿ ಶಿಖರಪ್ರಾಯವಾದುದು ಪ್ರಾಥಮಿಕ ಶಿಕ್ಷಣದ ಯೋಜನೆ. ಬಡೋದೆಯ ಸಯಾಜಿರಾವ ಗಾಯಕವಾಡರು 1893ರಲ್ಲಿ ಅಮರೇಲಿ ತಾಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಮೊದಲುಮಾಡಿ, 1906ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸಿದ್ದರು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನಾಯಿತು. ಬ್ರಿಟಿಷ್ ಹಿಂದುಸ್ಥಾನದಲ್ಲಿ ಮಾತ್ರ ಗೋಪಾಲ ಕೃಷ್ಣ ಗೋಖಲೆಯವರು 1911ರಲ್ಲಿ ತಂದ ಮಸೂದೆಯು ಮರುವರ್ಷ ಶಾಸನಸಭೆಯಲ್ಲಿ ಸೋತುಹೋಯಿತು. ಹಣವಿಲ್ಲವೆಂಬುದೂ ಜನರು ಒಪ್ಪರೆಂಬುದೂ ಎದುರಾಳಿಗಳು ಹೇಳಿದ ಕಾರಣಗಳು.

ಇಂಥ ಕಾಲದಲ್ಲಿ, 1917ರಲ್ಲಿ, ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆಗತಕ್ಕದ್ದೆಂದು ಸಾರಿದರು. ಅಸ್ಪೃಶ್ಯ ವಿದ್ಯಾರ್ಥಿಗಳ ಫೀಯನ್ನು 1911ರಲ್ಲಿಯೇ ಮಾಫಿ ಮಾಡಿದ್ದರು; ಈಗ ಸಕಲರಿಗೂ ಆ ಸೌಲಭ್ಯವು ದೊರೆಯಿತು. ಐನೂರರಿಂದ ಸಾವಿರ ಜನವಸತಿಯುಳ್ಳ ಹಳ್ಳಿಗೆ ಒಂದು ಶಾಲೆ ಇರಬೇಕೆಂಬುದು ಗುರಿಯಾಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡವೆಂದು ಗೊತ್ತಾಯಿತು. ಬಡವನಿಗೆ ಅಂದು ರೂಪಾಯಿಯು ಸಣ್ಣ ಮೊತ್ತವಾಗಿರಲಿಲ್ಲ. ದನಗಾಹಿಯಾದ ಮಗನ ಕೂಲಿಯನ್ನು ಬಿಡುವುದೂ ಸುಲಭವಾಗಿರಲಿಲ್ಲ. ಪ್ರಜೆಗಳ ಮೇಲೆ ಇಂಥ ಕಟ್ಟನ್ನು ಹೇರಿದ ಅರಸರು ತಮ್ಮ ಬೊಕ್ಕಸದ ಮೇಲೆಯೂ ಅಷ್ಟೇ ದೊಡ್ಡ ಕಟ್ಟನ್ನು ಹಾಕಿಕೊಂಡರು. ಈ ಯೋಜನೆಗಾಗಿ ವರ್ಷಕ್ಕೆ ಸುಮಾರು ಒಂದು ಲಕ್ಷ ರೂಪಾಯಿಗಳು ತೆಗೆದಿರಿಸಲ್ಪಟ್ಟವು. ಮೊದಲ ಮಹಾಯುದ್ಧದ ದೆಸೆಯಿಂದ ಧಾರಣೆಗಳು ಏರಿದ್ದ ಕಾಲದಲ್ಲಿ ಒಂದು ಮಧ್ಯಮ ಸಂಸ್ಥಾನಕ್ಕೆ ಇದು ಹಗುರಾದ ಭಾರವಲ್ಲ.

ಹಣವು ಮಿತವಾಗಿದ್ದಾಗ ಅದನ್ನು ಮೊದಲು ಯಾರಿಗೆ ಕೊಡಬೇಕೆಂಬುದೇ ಕಠಿಣವಾದ ಪ್ರಶ್ನೆ. ಮಹಾರಾಜರ ನಿರ್ಣಯವು ಪ್ರಾಥಮಿಕ ಶಾಲೆಗಳ ಪಕ್ಷಕ್ಕೆ ಒಲಿಯಿತು. 1919ರಲ್ಲಿ ಅವರು ಸಂಸ್ಥಾನದ ಹೆಮ್ಮೆಯಾಗಿದ್ದ ರಾಜಾರಾಮ ಕಾಲೇಜಿನ ಆಡಳಿತವನ್ನು ಆರ್ಯಸಮಾಜದವರ ಕೈಗೆ ಒಪ್ಪಿಸಿದರು. ಕಾಲೇಜು ಅರಸರ ವೈಭವವನ್ನು ತೋರಿಸುವ ವಸ್ತು. ಹಳ್ಳಿಯ ಶಾಲೆಯು ಯಾರ ಕಣ್ಣಿಗೂ ಬೀಳದ ಚಿಕ್ಕ ಕೋಣೆ. ಆದರೆ ನೂರು ಕೋಣೆಗಳು ತುಂಬದೆ ಕಾಲೇಜಿಗೆ ಬಡವನ ಮಗನು ಬಾರನು.

1917-18ರಲ್ಲಿ ಈ ಯೋಜನೆಯಂತೆ ನಡೆಯುತ್ತಿದ್ದ ಶಾಲೆಗಳು 27. ಅವುಗಳಲ್ಲಿ ಕಲಿಯುತ್ತಿದ್ದ ಮಕ್ಕಳು 1,296. 1921-22ರ ಹೊತ್ತಿಗೆ ಶಾಲೆಗಳು 420 ಆದವು; ಮಕ್ಕಳು 22,007 ಆದರು. ನಾಲ್ಕೇ ವರ್ಷಗಳಲ್ಲಿ ಆದ ಈ ವೃದ್ಧಿಯು ಬಡವರಿಗೆ ವಿದ್ಯೆಯ ಹಂಬಲವಿಲ್ಲವೆಂಬ ಮಾತನ್ನು ಸುಳ್ಳುಮಾಡಿತು. ರಾಯಬಾಗ ಮೊದಲಾದ ಕನ್ನಡ ಪ್ರದೇಶಗಳೂ ಅಂದು ಕರವೀರ ಸಂಸ್ಥಾನಕ್ಕೆ ಸೇರಿದ್ದುವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಒಂದೇ ಶಾಲೆ, ಒಂದೇ ಹಲಗೆ

ಹಣವನ್ನು ಸಮನಾಗಿ ಹಂಚಿದ ಮಾತ್ರದಿಂದ ಸಮಾನತೆಯು ಪೂರ್ಣವಾಗುವುದೆ? ಅಸ್ಪೃಶ್ಯರ ಮಕ್ಕಳಿಗೆ ಮೊದಲು ಬೇರೆ ಶಾಲೆಗಳಿದ್ದವು. ಅವುಗಳಿಗೂ ಸರಕಾರದ ಹಣವೇ ನಡೆಯುತ್ತಿತ್ತು. ಆದರೆ ಬೇರೆ ಶಾಲೆಯಲ್ಲಿ ಕಲಿತ ಮಗುವು ಅಕ್ಷರದೊಡನೆ ತಾನು ಬೇರೆಯೆಂಬ ಪಾಠವನ್ನೂ ಕಲಿಯುತ್ತಿತ್ತು. ಇದನ್ನರಿತ ಮಹಾರಾಜರು 1919ರ ದಸರೆಯಿಂದ ಅಂಥ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಉಳಿದವರೊಡನೆ ಸಾಮಾನ್ಯ ಶಾಲೆಗಳಲ್ಲಿಯೇ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿದರು. ಅದೇ ವರ್ಷದ ಆರಂಭದಲ್ಲಿ ಹೊರಟ ಇನ್ನೊಂದು ಆಜ್ಞೆಯಂತೆ, ಅಸ್ಪೃಶ್ಯರನ್ನು ಸಮಾನವಾಗಿ ನಡೆಯಿಸಿಕೊಳ್ಳಲು ಮನಸ್ಸಿಲ್ಲದ ನೌಕರರು ಆರು ವಾರಗಳೊಳಗಾಗಿ ರಾಜೀನಾಮೆಯನ್ನು ಕೊಡತಕ್ಕದ್ದಾಗಿತ್ತು.

ಇಂಥ ಆಜ್ಞೆಗಳು ಸುಲಭವಾಗಿ ಜನರ ಗಂಟಲೊಳಗಿಳಿಯುವುವಲ್ಲ. ಆಜ್ಞೆಗಿಂತ ಮೊದಲು ತಮ್ಮ ಆಚರಣೆಯನ್ನು ಮುಂದಿಡುವುದು ಮಹಾರಾಜರ ಸ್ವಭಾವ. ಅಸ್ಪೃಶ್ಯನೆನಿಸಿಕೊಂಡ ಗಂಗಾರಾಮ ಕಾಂಬಳೆಯೆಂಬವನಿಗೆ ಕೊಲ್ಲಾಪುರದಲ್ಲಿ ಚಹದ ಅಂಗಡಿಯನ್ನು ಹಾಕಿಸಿಕೊಟ್ಟು, ತಾವೇ ಅಲ್ಲಿ ಚಹ ಕುಡಿದು, ಜೊತೆಗಿದ್ದವರಿಗೂ ಕುಡಿಸುತ್ತಿದ್ದರು.

ಮನೆಯ ದುಃಖವನ್ನು ಸಹ ಅವರು ವಿದ್ಯೆಯ ಬೆಳಕಿನಿಂದಲೇ ಎದುರಿಸಿದರು. 1918ರ ಜೂನಿನಲ್ಲಿ ಕಿರಿಯ ಮಗನಾದ ರಾಜಕುಮಾರ ಶಿವಾಜಿಯು ಬೇಟೆಯಲ್ಲಿ ಅಪಘಾತದಿಂದ ಮರಣ ಹೊಂದಿದನು. ಸೊಸೆಯಾದ ಇಂದುಮತಿದೇವಿಯವರು ಮದುವೆಯಾದ ಒಂದು ವರ್ಷದಲ್ಲಿಯೇ, ಇನ್ನೂ ಬಾಲಿಕೆಯಾಗಿದ್ದಾಗ, ವಿಧವೆಯಾದರು. ಅಂದಿನ ರೂಢಿಯು ಅಂಥವರಿಗೆ ಒಂದು ಮೂಲೆಯನ್ನು ಮಾತ್ರ ಉಳಿಸಿತ್ತು. ಮಹಾರಾಜರು ಜನರ ಮಾತನ್ನು ಲೆಕ್ಕಿಸದೆ, ಊರ ಹೊರಗಿನ ಸೋನತಳಿಯಲ್ಲಿ ಬೇರೆ ಬೇರೆ ಜಾತಿಯ ಬಾಲಿಕೆಯರನ್ನು ಜೊತೆಗಿರಿಸಿ ಸೊಸೆಗೆ ವಿದ್ಯೆ ಕಲಿಸಿದರು.

ಕೊನೆಯ ವರ್ಷಗಳು

1919ರಲ್ಲಿ ಕಾನಪುರದ ಕುರ್ಮಿ ಕ್ಷತ್ರಿಯರು ತಮ್ಮ ಸಭೆಯಲ್ಲಿ ಮಹಾರಾಜರಿಗೆ ರಾಜರ್ಷಿಯೆಂಬ ಬಿರುದನ್ನಿತ್ತರು. ಮರುವರ್ಷ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿತು. ಆಗಿನ್ನೂ ತರುಣರಾಗಿದ್ದ ಭೀಮರಾವ ಅಂಬೇಡಕರರು ಅದರ ಅಧ್ಯಕ್ಷರು. ಮಹಾರಾಜರು ಆ ಸಭೆಗೆ ತಾವಾಗಿ ಬಂದು, ಇವರೇ ನಿಮ್ಮ ನಾಯಕರೆಂಬ ಅರ್ಥದಲ್ಲಿ ಜನರಿಗೆ ತಿಳಿಯಹೇಳಿದರು. ಅಂಬೇಡಕರರ ಮೂಕನಾಯಕ ಪತ್ರಿಕೆಗೆ ಧನಸಹಾಯವನ್ನೂ ಮಾಡಿದ್ದರು. ಅದೇ 1920ರ ಜುಲೈ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕೂಡಿದ ಕರ್ನಾಟಕ ಬ್ರಾಹ್ಮಣೇತರರ ಪರಿಷತ್ತಿಗೆ ಮಹಾರಾಜರೇ ಅಧ್ಯಕ್ಷರಾದರು. ಧಾರವಾಡದಲ್ಲಿ ವಿದ್ಯಾರ್ಥಿಯಾಗಿದ್ದವರು ಹೀಗೆ ಅದೇ ಸೀಮೆಗೆ ಮಾರ್ಗದರ್ಶಕರಾಗಿ ಮರಳಿ ಬಂದರು.

ದೇಹವು ಬೃಹತ್ತಾದುದು, ಮನಸ್ಸು ಸರಳವಾದುದು, ಮಾತು ನೇರವಾದುದು. ಮಲ್ಲರಲ್ಲಿ ಮಲ್ಲರಾಗಿಯೂ ರಯತರಲ್ಲಿ ರಯತರಾಗಿಯೂ ಬೆರೆಯುವುದು ಅವರಿಗೆ ಸಹಜವಾಗಿತ್ತು. ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಕಟ್ಟೆಯನ್ನು ಕಟ್ಟಿಸಲು ಕೈಹಾಕಿದವರೂ ಅವರೇ. ಪುತ್ರಶೋಕದಿಂದಲೂ ಅನಾರೋಗ್ಯದಿಂದಲೂ ಬಳಲಿದ ಮಹಾರಾಜರು 1922ನೆಯ ಮೇ 6ರಂದು ಮುಂಬಯಿಯಲ್ಲಿ ದೇಹವನ್ನು ಬಿಟ್ಟರು. ಕಡ್ಡಾಯ ಶಿಕ್ಷಣದ ಯೋಜನೆಯು ಆಗಿನ್ನೂ ಐದು ವರ್ಷದ ಸಸಿಯಾಗಿತ್ತು.

ಬಿತ್ತಿದ ಬೀಜದ ಫಲ

ಆ ಸಸಿಯ ಬೀಜಗಳು ದೂರದೂರಕ್ಕೆ ಬಿದ್ದವು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಕಲಿತ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡು ಕಲಿಯುವ ನಿಲಯವನ್ನು ನಡೆಯಿಸಿ, ಅದಕ್ಕೆ ಶಾಹು ಮಹಾರಾಜರ ಹೆಸರನ್ನೇ ಇಟ್ಟರು. ಜಾತಿಗೊಂದಾಗಿ ಮೊದಲಾದ ನಿಲಯಗಳಿಂದ ಎಲ್ಲರಿಗೂ ಒಂದೇ ಆದ ನಿಲಯವು ಹುಟ್ಟಿತೆಂಬುದು ಹಿಂದಿನ ಆಕ್ಷೇಪಕ್ಕೆ ಕಾಲವೇ ಕೊಟ್ಟ ಸಮಾಧಾನ. ಅಂಬೇಡಕರರು ಮುಂದೆ ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. ಆ ಸಂವಿಧಾನವು ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣವನ್ನು ರಾಜ್ಯದ ಗುರಿಯಾಗಿ ಸಾರಿತು. ಆ ಗುರಿಯು ಮೂಲಭೂತ ಹಕ್ಕಾಗಲು 2002ರ ತಿದ್ದುಪಡಿ ಬೇಕಾಯಿತು. ಆ ಹಕ್ಕಿನ ಕಾನೂನು 2009ರಲ್ಲಿ ಆಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಒಂದು ಸಂಸ್ಥಾನವು 1917ರಲ್ಲಿ ತನ್ನ ಅಲ್ಪ ಬೊಕ್ಕಸದಿಂದ ಕೈಹಾಕಿದ ಕಾರ್ಯವು ಇಡೀ ದೇಶಕ್ಕೆ ಹಕ್ಕಾಗಿ ಬರಲು ತೊಂಬತ್ತಕ್ಕೆ ಮೇಲ್ಪಟ್ಟು ವರ್ಷಗಳು ಹಿಡಿದವು.

ಶಾಹು ಮಹಾರಾಜರ ಚರಿತ್ರೆಯಿಂದ ತಿಳಿಯತಕ್ಕ ತತ್ತ್ವವು ಸರಳವಾದುದು. ಎಲ್ಲರಿಂದಲೂ ಬಂದ ಹಣವು ಎಲ್ಲರ ಮಕ್ಕಳಿಗೂ ಮುಟ್ಟಬೇಕು. ಅತಿ ದೂರದಲ್ಲಿರುವ ಮಗುವಿಗೆ ಅದು ಮೊದಲು ಮುಟ್ಟಬೇಕು. ಆ ಮಗುವಿಗೆ ಫೀ ಮಾಫಿಯಾದರೆ ಸಾಲದು, ಅನ್ನವೂ ಬೇಕು. ಅನ್ನ ದೊರೆತರೆ ಸಾಲದು, ಉಳಿದ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವ ಮಾನವೂ ಬೇಕು. ಈ ಮೂರೂ ಕೂಡಿದಲ್ಲಿ ವಿದ್ಯೆಯು ಫಲಿಸುವುದು. ಪ್ರಸಾದನಿಲಯಕ್ಕೆ ಒಂದು ಸೇರು ಜೋಳವನ್ನು ಕೊಟ್ಟ ಭಕ್ತನೂ, ಆ ಜೋಳದ ರೊಟ್ಟಿಯನ್ನುಂಡು ಕಲಿತ ಶಿಷ್ಯನೂ ಕರವೀರದ ಈ ರಾಜರ್ಷಿಯ ಕಾರ್ಯದಲ್ಲಿ ಪಾಲುಗಾರರೇ ಸರಿ. ಆ ಪಾಲನ್ನು ಮುಂದಿನ ಮಗುವಿಗೆ ದಾಟಿಸುವುದೇ ಮಹಾರಾಜರಿಗೆ ಸಲ್ಲಿಸತಕ್ಕ ನಿಜವಾದ ವಂದನೆ.